ಆತ್ಮಲಿಂಗದ ದಾರಿಯಲ್ಲಿ

ಮನೆಯವರೆಲ್ಲ ಸೇರಿ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ನೋಡಿ ಬಂದೆವು. ನಾಲ್ಕೂ ಒಂದೇ ಕಥೆಯ ಊರುಗಳು. ಶಿವನಿಂದ ಆತ್ಮಲಿಂಗ ಪಡೆದ ರಾವಣ ಅದನ್ನು ಲಂಕೆ ಮುಟ್ಟುವ ತನಕ ನೆಲಕ್ಕಿಡುವಂತಿರಲಿಲ್ಲ. ಸಂಧ್ಯಾವಂದನೆಯ ಹೊತ್ತಾಯಿತು. ವಟುವಿನ ವೇಷದಲ್ಲಿ ಬಂದ ಗಣಪನ ಕೈಗೆ ಲಿಂಗ ಕೊಟ್ಟು ರಾವಣ ಹೋದ. ಗಣಪ ಮೂರು ಸಲ ಕೂಗಿ, ಅವನು ಬರದಿದ್ದಾಗ ಲಿಂಗವನ್ನು ಗೋಕರ್ಣದಲ್ಲೇ ಇಟ್ಟುಬಿಟ್ಟ. ಕೀಳಲಾಗದ ಸಿಟ್ಟಿಗೆ ರಾವಣ ಎಸೆದ, ಲಿಂಗದ ಪೆಟ್ಟಿಗೆಯ ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಬಟ್ಟೆ ಮುರುಡೇಶ್ವರದಲ್ಲಿ ಬಿತ್ತಂತೆ.

ಮುರುಡೇಶ್ವರದ 123 ಅಡಿಯ ಶಿವ ಮಕ್ಕಳಿಗೆ ತುಂಬಾ ಇಷ್ಟವಾದ. ನನಗೆ ಮಾತ್ರ ಗೋಕರ್ಣದ ಮಹಾಗಣಪತಿಯೇ ಜಾಸ್ತಿ ಹತ್ತಿರ. ನಿಂತ ಮೂರ್ತಿ, ಎರಡೇ ಕೈ, ಥೇಟ್ ಚಿಕ್ಕ ಹುಡುಗ. ತಲೆಯ ಮೇಲೊಂದು ತಗ್ಗು, ರಾವಣ ಗುದ್ದಿದ್ದಂತೆ! ಮೊದಲು ಇವನಿಗೆ ಕೈಮುಗಿದು ಆಮೇಲೆ ಮಹಾಬಲೇಶ್ವರನ (ಅದೇ ಆತ್ಮಲಿಂಗ) ದರ್ಶನ ಮಾಡುವುದು ಅಲ್ಲಿಯ ಪದ್ಧತಿ. ಏಟು ತಿಂದವನಿಗೆ ಮೊದಲ ಪೂಜೆ, ಎಷ್ಟು ಚೆಂದ ಅಲ್ವಾ?

ಆದರೆ ಅಮ್ಮ ರಾವಣನ ಪರ. ಅವನು ಲಿಂಗ ತರಲು ಹೋಗಿದ್ದೇ ತಾಯಿಗಾಗಿ. ಕೈಕಸಿ ದಿನಾ ಕಡಲ ದಂಡೆಯಲ್ಲಿ ಮರಳಿನ ಲಿಂಗ ಮಾಡಿ ಪೂಜಿಸುತ್ತಿದ್ದಳು, ಅದು ಅಲೆಗೆ ಕೊಚ್ಚಿ ಹೋಯಿತು ಅಂತ ಕಥೆ. "ಪಾಪ, ಮಗ ಬರಿಗೈಲಿ ಮನೆಗೆ ಹೋಗಿ ಅವಳಿಗೆ ಏನು ಹೇಳಿರಬೇಕು?" ಅಂದರು. ಇಷ್ಟು ಸಲ ಕಥೆ ಕೇಳಿದರೂ ಆ ತಾಯಿಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಇದೇ ಕಥೆಯ ಐದನೇ ಕ್ಷೇತ್ರ, ಕಾರವಾರದ ಕಡೆಯ ಸಜ್ಜೇಶ್ವರ, ಇನ್ನೂ ಬಾಕಿ. ಹೋಗಿ ಬಂದವರಿದ್ದರೆ ದಾರಿ ಹೇಳಿ. ವಯಸ್ಸಾದವರನ್ನು ಕರೆದುಕೊಂಡು ಹೋಗಬೇಕು.