ಹಳೇ ಪುಸ್ತಕದ ಪತ್ತೇದಾರಿ: ಬೆನ್ನು, ಮಸಿ, ಹುಳು

17 ನವೆಂಬರ್ 2024, ಭಾನುವಾರ

ಹಳೇ ಪುಸ್ತಕವನ್ನು ನಡುವಿಗಿಟ್ಟುಕೊಂಡ ಐತಿಹಾಸಿಕ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ನಾಯಕ ಪುಸ್ತಕ ತೆರೆಯುತ್ತಾನೆ, ಒಳಗಿಂದ ಮಡಚಿದ ಚೀಟಿ ಉದುರುತ್ತದೆ. ಮುನ್ನೂರು ವರ್ಷ ಎಷ್ಟೋ ಕೈ ದಾಟಿ ಬಂದ ಪುಸ್ತಕದಲ್ಲಿ ಬಿಡಿ ಚೀಟಿ ಉಳಿದೀತೆ? ಅಂಟಿಸಿದ್ದು, ಹೊಲಿದದ್ದು ಉಳಿಯುತ್ತದೆ. ಕಥೆ ಬೈಂಡರ್‌ನ ಮೇಜಿನಿಂದ ಶುರುವಾಗಲಿ.

ಯುರೋಪಿನಲ್ಲಿ ಹದಿನೈದು, ಹದಿನಾರನೇ ಶತಮಾನದ ಬೈಂಡರ್‌ಗಳು ಯಾರಿಗೂ ಬೇಡವಾದ ಕೈಬರಹದ ಚರ್ಮದ ಹಾಳೆಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಹೊಸ ಪುಸ್ತಕದ ಬೆನ್ನಿಗೆ, ರಟ್ಟಿನ ಒಳಮೈಗೆ ಅಂಟಿಸುತ್ತಿದ್ದರು. ಬಚ್ಚಿಡುವ ಉದ್ದೇಶ ಇರಲಿಲ್ಲ, ಗಟ್ಟಿ ಸಾಮಾನು ಬೇಕಿತ್ತು ಅಷ್ಟೇ. ಹಾಗಾಗಿ ಪತ್ತೇದಾರನಿಗೆ ಇಡೀ ಪತ್ರ ಸಿಗುವುದು ಅಪರೂಪ. ಎರಡು ಬೆರಳಗಲದ ಪಟ್ಟಿ, ಅರ್ಧರ್ಧ ಸಾಲು, ಎಷ್ಟೋ ಸಲ ತಲೆಕೆಳಗು. ಬಿಡಿಸಲು ಬಿಸಿನೀರು ಸುರಿದರೆ ಚರ್ಮ ಮುದುಡಿ ಸಾಕ್ಷಿಯೇ ಹೋಯಿತು. ಅಂಟನ್ನು ಸ್ವಲ್ಪಸ್ವಲ್ಪವೇ ತೇವ ಮಾಡಿ, ಚಪ್ಪಟೆ ಅಲಗಿನಿಂದ ಎಬ್ಬಿಸಿ, ಭಾರದಡಿ ಒಣಗಿಸಬೇಕು. ಹಾಳೆ ಕಿತ್ತ ಮೇಲೂ ಅಕ್ಷರಗಳ ತಿರುಗುಮುರುಗು ಅಚ್ಚು ರಟ್ಟಿನ ಮೇಲೆ ಉಳಿದಿರುವುದುಂಟು. ಕಳ್ಳ ಹಾಳೆಯನ್ನು ಒಯ್ದರೂ ಕನ್ನಡಿ ಹಿಡಿದು ಬರಹ ಓದಬಹುದು. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ತಿರುವು ಬೇಕೆ?

ಅಳಿಸಿದ ಬರಹ ಕಥೆಯಲ್ಲಿ ಬರುವುದಾದರೆ ಮಸಿ ಯಾವುದೆಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮಾಚಿಕಾಯಿ ಜಜ್ಜಿ ಕೆಲವು ದಿನ ನೆನೆಹಾಕಿ, ಸೋಸಿ, ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ, ಗೋಂದು ಹಾಕಿದರೆ ಬರುವ ಮಸಿ ಬರೆಯುವಾಗ ಪೇಲವ, ಗಾಳಿ ತಾಗಿದಂತೆ ಕಪ್ಪು. ಅದು ಚರ್ಮದೊಳಕ್ಕೆ ಇಳಿಯುವುದರಿಂದ ಕೆರೆದರೂ ಗುರುತು ಹೋಗದು. ನೇರಳಾತೀತ ಬೆಳಕಿನಲ್ಲಿ ಚರ್ಮ ಹೊಳೆಯುತ್ತದೆ, ಮಸಿಯಿದ್ದ ಜಾಗ ಕಪ್ಪಗೇ ಉಳಿಯುತ್ತದೆ. ದೀಪದ ಕಾಡಿಗೆಯ ಮಸಿ ಮೇಲ್ಮೈಯಲ್ಲೇ ಕೂರುವುದರಿಂದ ತೊಳೆದರೆ ಸುಲಭವಾಗಿ ಹೋಗುತ್ತದೆ. ಇನ್ನು, ಅನ್ನಭೇದಿ ಮಿತಿಮೀರಿದ್ದರೆ ಕಾಗದದಲ್ಲಿ ಅಕ್ಷರವಿದ್ದಲ್ಲೇ ತೂತು.

ಆರ್ಕಿಮಿಡೀಸನ ಗಣಿತವಿದ್ದ ಹತ್ತನೇ ಶತಮಾನದ ಹಸ್ತಪ್ರತಿಗೆ ಆದದ್ದನ್ನು ನೋಡಿ. 1229ರಲ್ಲಿ ಅದನ್ನು ಕೆರೆದು, ಹಾಳೆಗಳನ್ನು ತಿರುಗಿಸಿ ನಡುವೆ ಮಡಿಚಿ ಪ್ರಾರ್ಥನೆಯ ಪುಸ್ತಕ ಮಾಡಿದರು. ಹಳೆಯ ಸಾಲು ಹೊಸ ಸಾಲಿಗೆ ಅಡ್ಡಡ್ಡ; ಕೆಲವು ಸಾಲಂತೂ ಹೊಲಿಗೆಯ ಮಡಿಕೆಯೊಳಗೇ ಸೇರಿಹೋದವು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದನ್ನು ಓದಿದಾಗ ಆ ಮಡಿಕೆಗಳು ಬಿಚ್ಚಿರಲಿಲ್ಲ. ಹೊಲಿಗೆ ಬಿಚ್ಚಿ ಓದುವ ಕೆಲಸ ನಡೆದದ್ದು 1998ರಲ್ಲಿ ಆ ಪುಸ್ತಕ ಹರಾಜಾದ ನಂತರ. ಸುಳಿವನ್ನು ಆ ಮಡಿಕೆಯಲ್ಲಿಡಿ. ಪುಸ್ತಕ ಕೈಯಲ್ಲಿದ್ದೂ ಓದಲಾಗದ ಸಂಕಟ ತಾನಾಗಿ ಹುಟ್ಟುತ್ತದೆ.

ನಕಲಿ ಪುಸ್ತಕವಾದರೆ ಕಾಗದದ ನಾರನ್ನು ನೋಡಬೇಕು. 1847 ಎಂದು ಅಚ್ಚಾಗಿದ್ದ ಒಂದು ಇಂಗ್ಲಿಷ್ ಸಾನೆಟ್ ಪುಸ್ತಿಕೆಯ ಬಣ್ಣ ಬಯಲಾದದ್ದು 1934ರಲ್ಲಿ. ಅದರಲ್ಲಿ ಸಿಕ್ಕ, ರಾಸಾಯನಿಕದಲ್ಲಿ ಬೇಯಿಸಿದ ಮರದ ತಿರುಳು 1847ರ ಇಂಗ್ಲೆಂಡಿನ ಕಾಗದದಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಹುಳುವನ್ನೂ ಸಾಕ್ಷಿಗೆ ಕರೆಯಬಹುದು. ಅದು ಹಾಳೆಯಿಂದ ಹಾಳೆಗೆ ಕೊರೆಯುತ್ತಾ ಹೋಗುತ್ತದೆ. ಅಕ್ಕಪಕ್ಕದ ಹಾಳೆಗಳಲ್ಲಿ ಒಂದೇ ಜಾಗದಲ್ಲಿ ತೂತಿದ್ದು ನಡುವಿನದಕ್ಕೆ ಮಾತ್ರ ಇಲ್ಲದಿದ್ದರೆ, ಆ ಹಾಳೆ ಆಮೇಲೆ ಸೇರಿಸಿದ್ದಿರಬೇಕು. ತೂತಿನ ಅಂಚಿಗೆ ಮಸಿ ಇಳಿದಿದ್ದರೆ, ಮೇಲೆ ಯಾವ ತಾರೀಖು ಬರೆದಿದ್ದರೂ ಸರಿ, ಹುಳು ತಿಂದ ಮೇಲೆಯೇ ಅದನ್ನು ಬರೆದದ್ದು.