ಬೋಳು ಮರದ ಕೆಳಗೆ ಅರ್ಧ ಗಂಟೆ

ಬೆಳಿಗ್ಗೆಯಿಂದ ಯಾಕೋ ಮನಸ್ಸು ಸರಿ ಇರಲಿಲ್ಲ. ಸುಮ್ನೆ ಪಾರ್ಕಿಗೆ ಹೋಗಿ ಕೂತೆ. ಹೂವಿನ ಕಾಲವೂ ಅಲ್ಲ, ಮರವೆಲ್ಲ ಬೋಳು. ಆದರೆ ಕೈಗೆಟುಕುವ ಕೊಂಬೆಯಲ್ಲಿ, ಹಳೇ ಎಲೆ ಉದುರಿದ ಗುರುತಿನ ಮೇಲೇ ಒಂದು ಮೊಗ್ಗು. ಅಕ್ಕಿಕಾಳಿನಷ್ಟು, ಅಂಟಂಟು. ಅದನ್ನೇ ನೋಡುತ್ತಾ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಪಕ್ಕದ ಬೆಂಚಿನ ಅಜ್ಜ ಪರಿಚಯ ಇಲ್ಲದಿದ್ದರೂ ನಕ್ಕರು. ರಸ್ತೆಯಲ್ಲಾಗಿದ್ದರೆ ಇಬ್ಬರೂ ಮುಖ ನೋಡುತ್ತಿರಲಿಲ್ಲ, ಅಲ್ವಾ?

1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಒಂದು ಅಧ್ಯಯನ ಪ್ರಕಟಿಸಿದ್ದರು. ಆಪರೇಷನ್ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರಂತೆ. ಬರೀ ನೋಡಿದ್ದಕ್ಕೇ! ನಾನಂತೂ ಕೊಂಬೆ ಮುಟ್ಟಿಯೇ ಬಂದಿದ್ದೇನೆ. ಬೆರಳಲ್ಲಿ ಇನ್ನೂ ಆ ಅಂಟಿದೆ.