ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ವಿಂಡೋಸ್: ಕಾಪಿಗಿಂತ ಮೊದಲಿನ ಕೆಲಸವೇ ಹೆಚ್ಚು

ಹಳೇ ಲ್ಯಾಪ್‌ಟಾಪ್ ಆನ್ ಆಗಲು ಎರಡು ಮೂರು ನಿಮಿಷ ಹಿಡಿಯುತ್ತಿದ್ದರೆ ಬಹುಪಾಲು ತಪ್ಪು ಹಾರ್ಡ್ ಡಿಸ್ಕಿನದೇ. 5400 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವ) ಡಿಸ್ಕು ಒಂದು ದೊಡ್ಡ ಫೈಲನ್ನು ಸೆಕೆಂಡಿಗೆ ಸುಮಾರು 100 ಎಂಬಿಯಂತೆ ಓದಿಬಿಡುತ್ತದೆ. ವಿಂಡೋಸ್ ಏಳುವಾಗ ಬೇಕಾಗುವುದು ಮಾತ್ರ ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ಫೈಲುಗಳು. ಪ್ರತಿಯೊಂದಕ್ಕೂ ಓದುವ ಹೆಡ್ ಜಾಗ ಬದಲಿಸಬೇಕು, ತಟ್ಟೆ ತಿರುಗಿ ಬರಬೇಕು. ಹಾಗಾಗಿ ಅಂಥ ಓದು ಸೆಕೆಂಡಿಗೆ ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ, ಅದು ಸಾಧಾರಣ ಸಾಟಾ ಸಂಪರ್ಕದ್ದಾದರೂ, ಇದೇ ಲೆಕ್ಕ ಹತ್ತಾರು ಸಾವಿರ. ಆದ್ದರಿಂದ ಸಾಟಾದ 550 ಎಂಬಿ, ಅದಕ್ಕಿಂತ ವೇಗದ ಸಂಪರ್ಕವಾದ ಎನ್‌ವಿಎಂಇಯ 3500 ಎಂಬಿ ಎಂಬ ಡಬ್ಬದ ಮೇಲಿನ ಅಂಕಿಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಆಫೀಸು ಕೆಲಸಕ್ಕೆ ಎರಡರ ನಡುವಿನ ಅಂತರ ಕೈಗೆ ಸಿಗುವುದು ಅಪರೂಪ.

ಎಸ್‌ಎಸ್‌ಡಿ ಕೊಳ್ಳುವ ಮೊದಲು ಯಂತ್ರದ ಹಿಂಬದಿ ಬಿಚ್ಚಿ ನೋಡಿ. ಎಂ.2 ಸ್ಲಾಟ್ (ಕಾರ್ಡಿನಂಥ ಎಸ್‌ಎಸ್‌ಡಿ ಕೂರುವ ಜಾಗ) ಇದೆ ಎಂದ ಮಾತ್ರಕ್ಕೆ ಎನ್‌ವಿಎಂಇ ನಡೆಯುತ್ತದೆ ಎಂದಲ್ಲ, ಕೆಲವು ಸ್ಲಾಟ್‌ಗಳು ಸಾಟಾ ಮಾತ್ರ ಒಪ್ಪುತ್ತವೆ. ಕಾರ್ಡಿನ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಖಚಿತವಾಗಬೇಕಾದರೆ ಮಾಡೆಲ್‌ನ ಮ್ಯಾನ್ಯುಯಲ್ ನೋಡಲೇಬೇಕು. ಕಾರ್ಡಿನ ಅಳತೆ 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಕಾರ್ಡನ್ನು ಹಿಡಿಯುವ ಪುಟ್ಟ ಸ್ಕ್ರೂ ಖಾಲಿ ಸ್ಲಾಟ್‌ನಲ್ಲಿ ಎಷ್ಟೋ ಸಲ ಇರುವುದೇ ಇಲ್ಲ, ಬೇರೆ ತರಿಸಿಟ್ಟುಕೊಳ್ಳಿ. ಟೇಪ್ ಅಂಟಿಸಿ ಮುಗಿಸಬೇಡಿ.

ಮುಂದಿನದು ಹಳೇ ಡಿಸ್ಕಿನ ಆರೋಗ್ಯ. ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ತೆರೆದು 05, ಸಿ5, ಸಿ6 ಈ ಮೂರು ಸಾಲು ನೋಡಿ. ಸಿ5ರಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಓದಲಾಗದ ಸೆಕ್ಟರುಗಳು (ಡಿಸ್ಕಿನ ಸಣ್ಣ ತುಣುಕುಗಳು) ಕಾದು ಕುಳಿತಿವೆ ಎಂದರ್ಥ. ಮಾಮೂಲಿ ಕ್ಲೋನ್ (ಇಡೀ ಡಿಸ್ಕಿನ ನಕಲು) ಅಲ್ಲಿಗೆ ಬಂದಾಗ ನಿಲ್ಲುತ್ತದೆ, ಇಲ್ಲವೇ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೋಗಿ ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ಬೇಗ ಸಾಯಿಸುತ್ತದೆ. ಇಂಥದ್ದು ಸಿಕ್ಕರೆ ಮೊದಲು ದಾಖಲೆ, ಫೋಟೋ, ಲೆಕ್ಕದ ಫೈಲುಗಳನ್ನು ಹೊರಗೆ ತೆಗೆಯಿರಿ, ಆಮೇಲೆ ಎಸ್‌ಎಸ್‌ಡಿಯಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿ. ಪೂರ್ತಿ ಡಿಸ್ಕೇ ಬೇಕೆಂದರೆ ಲಿನಕ್ಸಿನಿಂದ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಓಡಿಸಬೇಕು. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಗೆ ಬರುತ್ತದೆ.

ಡಿಸ್ಕಿನ ಡೇಟಾವನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಅನೇಕರು ಮರೆಯುವ ಸಂಗತಿ. ತಾವು ಅದನ್ನು ಹಾಕಿಯೇ ಇಲ್ಲ ಎನ್ನುವವರ ಲ್ಯಾಪ್‌ಟಾಪಿನಲ್ಲೂ ಅದರದೇ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿ ಆನ್ ಆಗಿರಬಹುದು. ಸೆಟ್ಟಿಂಗ್ಸ್‌ನಲ್ಲಿ ನೋಡಿ, ಆಫ್ ಮಾಡಿ, ಗೂಢಲಿಪಿ ಬಿಡಿಸುವಿಕೆ ಪೂರ್ತಿ ಮುಗಿಯುವವರೆಗೆ ಕಾಯಿರಿ. 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ, ಅದೇ ಡಿಸ್ಕಿನಲ್ಲಿ ಸೇವ್ ಮಾಡಿಟ್ಟರೆ ಏನು ಬಂತು?

ಇನ್ನು ಅಳತೆ. 500 ಜಿಬಿ ಹಾರ್ಡ್ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ, 480 ಜಿಬಿ ಎಸ್‌ಎಸ್‌ಡಿಯನ್ನು 447 ಎಂದು. ಡೇಟಾ ಬರೀ 200 ಜಿಬಿ ಇದ್ದರೂ ಕ್ಲೋನ್‌ಜಿಲ್ಲಾ ಎಂಬ ನಕಲು ತಂತ್ರಾಂಶ ಚಿಕ್ಕ ಡಿಸ್ಕಿಗೆ ನೇರವಾಗಿ ಇಳಿಸಲು ಒಪ್ಪುವುದಿಲ್ಲ. ಹಾಗಾಗಿ ಸಿ ಡ್ರೈವನ್ನು ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕುಗ್ಗಿಸಬೇಕಾಗುತ್ತದೆ. ಜಾಗ ಖಾಲಿಯಿದ್ದೂ ಕುಗ್ಗದಿದ್ದರೆ ಕಾರಣ ಅಲುಗಾಡದ ಫೈಲುಗಳು: ಪೇಜ್ ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಕೊಟ್ಟು ಮತ್ತೆ ಕುಗ್ಗಿಸಿ. ಎಸ್‌ಎಸ್‌ಡಿ ತಯಾರಕರು ಕೊಡುವ ಕ್ಲೋನ್ ತಂತ್ರಾಂಶಗಳು ಹಲವು ಈ ಕುಗ್ಗಿಸುವಿಕೆಯನ್ನು ತಾವೇ ಮಾಡಿಕೊಳ್ಳುತ್ತವೆ.

ಕಾಪಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಸಿ ಡ್ರೈವೊಂದನ್ನೇ ಆರಿಸಬೇಡಿ. ಜೊತೆಗಿರುವ ಸುಮಾರು 100 ಎಂಬಿಯ ಇಎಫ್‌ಐ ಪಾರ್ಟಿಷನ್ (ವಿಂಡೋಸನ್ನು ಎಬ್ಬಿಸುವ ಫೈಲುಗಳಿರುವ ಡಿಸ್ಕಿನ ಭಾಗ) ಬರದಿದ್ದರೆ ಬೂಟ್ ಆಗದು, ಅಂದರೆ ವಿಂಡೋಸ್ ಏಳದು. ಯುಎಸ್‌ಬಿ 3 ಕೇಬಲ್‌ನಲ್ಲಿ 200 ಜಿಬಿಗೆ ಮುಕ್ಕಾಲು ಗಂಟೆ ಸಾಕು, ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದರೆ ಎರಡು ಗಂಟೆಯ ಹತ್ತಿರ. ಕರೆಂಟ್ ಹೋಗುವ ಊರಾದರೆ ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ.

ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕನ್ನು ಪೂರ್ತಿ ಬಿಚ್ಚಿಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಬಹುದು, ಇಲ್ಲವೇ ಬೂಟ್ ಫೈಲ್ ಹಳೆಯದರಿಂದ, ಸಿ ಡ್ರೈವ್ ಹೊಸದರಿಂದ ಎಂಬ ಎಡವಟ್ಟು ಜೋಡಿಯಲ್ಲಿ ಎದ್ದು ನಿಲ್ಲಬಹುದು. ಆಗ ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ. ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ ದಿನ ಗೊತ್ತಾಗುತ್ತದೆ.

ಎನ್‌ವಿಎಂಇಗೆ ಹೋದಾಗ ನೀಲಿ ಪರದೆಯ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಬರುವುದುಂಟು. ವಿಂಡೋಸ್ 10, 11ರಲ್ಲಿ ಎನ್‌ವಿಎಂಇ ಡ್ರೈವರ್ ಇದೆ, ಆದರೆ ಈವರೆಗೆ ಸಾಟಾದಿಂದ ಏಳುತ್ತಿದ್ದ ವಿಂಡೋಸ್ ಅದನ್ನು ಬೂಟ್‌ನ ಆರಂಭದಲ್ಲೇ ಕರೆಯುವುದಿಲ್ಲ. ರಿಕವರಿ ಪರದೆಯಿಂದ ಒಮ್ಮೆ ಸೇಫ್ ಮೋಡ್‌ಗೆ ಹೋಗಿ ಬಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲಿ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ, ಬೇರೆಯವರ ಯಂತ್ರವಾದರೆ ಅವರಿಂದ ಅಸಲಿ ಪಾಸ್‌ವರ್ಡ್ ಕೇಳಿಟ್ಟುಕೊಂಡಿರಿ.

ಹಳೆಯದು ಎಂಬಿಆರ್ (ಪಾರ್ಟಿಷನ್‌ಗಳ ಪಟ್ಟಿ ಇಡುವ ಹಳೇ ವಿಧಾನ) ಡಿಸ್ಕಾಗಿದ್ದರೆ ಇನ್ನೊಂದು ತೊಡಕು: ಎನ್‌ವಿಎಂಇಯಿಂದ ಬೂಟ್ ಆಗಲು ಸಾಮಾನ್ಯವಾಗಿ ಯುಇಎಫ್‌ಐ (ಹೊಸ ಬಗೆಯ ಬೂಟ್ ವ್ಯವಸ್ಥೆ) ಬೇಕು, ಅದಕ್ಕೆ ಜಿಪಿಟಿ (ಪಟ್ಟಿ ಇಡುವ ಹೊಸ ವಿಧಾನ) ಬೇಕು. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರನ್ನು ಜಿಪಿಟಿಗೆ ಬದಲಿಸುವ ಎಂಬಿಆರ್‌ಟುಜಿಪಿಟಿ ಎಂಬ ಉಪಕರಣ ಒಳಗೇ ಇದೆ. ಅದನ್ನು ಹೊಸ ಡಿಸ್ಕಿನ ಮೇಲೆ ಓಡಿಸಿ, ಹಳೆಯದನ್ನು ಮುಟ್ಟಬೇಡಿ. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ. ಪರಿವರ್ತನೆ ಮುಗಿದ ಮೇಲೆ ಬಯಾಸ್‌ನಲ್ಲಿ (ಯಂತ್ರ ಆನ್ ಆದೊಡನೆ ತೆರೆಯಬಹುದಾದ ಸೆಟ್ಟಿಂಗ್) ಲೆಗಸಿ ಎಂಬ ಹಳೇ ಬಗೆ ಬಿಟ್ಟು ಯುಇಎಫ್‌ಐ ಆರಿಸುವುದನ್ನು ಮರೆತು ‘ಕ್ಲೋನ್ ಕೆಟ್ಟಿತು’ ಎನ್ನುವವರೇ ಹೆಚ್ಚು.

ದೊಡ್ಡ ಎಸ್‌ಎಸ್‌ಡಿಗೆ ಬಂದಿದ್ದರೆ ಉಳಿದ ಜಾಗ ಸಿ ಡ್ರೈವಿಗೆ ಸೇರದಿರಬಹುದು. ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿರುತ್ತದೆ. ಪಾರ್ಟಿಷನ್ ಸರಿಸುವ ಜಿಪಾರ್ಟೆಡ್ ತಂತ್ರಾಂಶದಿಂದ ಅದನ್ನು ಕೊನೆಗೆ ಸರಿಸಿ ಸಿಯನ್ನು ಹಿಗ್ಗಿಸಿ. ‘ಆಪ್ಟಿಮೈಜ್ ಡ್ರೈವ್ಸ್’ ತೆರೆದು ಸಾಲಿಡ್ ಸ್ಟೇಟ್ ಡ್ರೈವ್ ಎಂದೇ ತೋರಿಸುತ್ತಿದೆಯೇ ನೋಡಿ, ಮೊದಲು ಆಫ್ ಮಾಡಿದ್ದ ಎನ್‌ಕ್ರಿಪ್ಷನ್, ಪೇಜ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳನ್ನು ಮತ್ತೆ ಆನ್ ಮಾಡಿ. ಹಳೇ ಡಿಸ್ಕಿನ ಮೇಲೆ ತಾರೀಖು ಬರೆದು ಕನಿಷ್ಠ ಎರಡು ವಾರ ಡ್ರಾಯರಿನಲ್ಲಿಡಿ.